ಹೊಸ ಕಡತವೋ, ನಮ್ಮ ಕಡತವೋ? ಲಿನಕ್ಸ್ ಪರಿಷ್ಕರಣೆಯ ಹೊತ್ತಿನ ಪ್ರಶ್ನೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಗಣಕಗಳನ್ನು ಎಸೆಯಲಾರದವರಿಗೆ ಉಬುಂಟು, ಡೆಬಿಯನ್‌ಗಳಂಥ ಲಿನಕ್ಸ್ ವ್ಯವಸ್ಥೆಗಳು ಒಂದು ದಾರಿ. ಸಾಂಗಲಿ, ಮಿರಜ, ಜತ್ತ ಭಾಗದಲ್ಲಿ ಆ ದಾರಿ ಹಿಡಿಯುವವರಿಗೆ ಒಂದು ವಿಶೇಷ ಅಗತ್ಯವಿದೆ: ಒಂದೇ ಗಣಕದಲ್ಲಿ ಮರಾಠಿಯೂ ಕನ್ನಡವೂ ನಡೆಯಬೇಕು. ಜತ್ತ ತಾಲೂಕಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿ, ಕಚೇರಿಯ ಪತ್ರ ಮರಾಠಿಯಲ್ಲಿ. ಮಿರಜಿನ ಮುದ್ರಣದ ಅಂಗಡಿಗೆ ಬರುವ ಲಗ್ನಪತ್ರಿಕೆಗೆ ಎರಡೂ ಲಿಪಿಗಳು ಬೇಕಾಗುವುದುಂಟು. ಬಲ್ಲವರು ಯಾರೋ ಒಮ್ಮೆ ಕುಳಿತು ಈ ಏರ್ಪಾಡನ್ನು ಮಾಡಿಕೊಟ್ಟಿರುತ್ತಾರೆ. ಅದು ಕೆಡುವ ಅಪಾಯವಿರುವುದು ಪರಿಷ್ಕರಣೆಯ ದಿನ.

ಈ ವ್ಯವಸ್ಥೆಗಳಲ್ಲಿ ತಂತ್ರಾಂಶವು ಪ್ಯಾಕೇಜುಗಳ ರೂಪದಲ್ಲಿ ಬರುತ್ತದೆ. ಪ್ರತಿ ಪ್ಯಾಕೇಜಿನಲ್ಲೂ ಹಲವು ಕಡತಗಳಿರುತ್ತವೆ. ಯಾವ ಕಡತ ಯಾವ ಪ್ಯಾಕೇಜಿಗೆ ಸೇರಿದ್ದು ಎಂಬ ಲೆಕ್ಕವನ್ನು ಡಿಪಿಕೆಜಿ ಎಂಬ ಕ್ರಮವಿಧಿ ಇಟ್ಟಿರುತ್ತದೆ. ‘ಇಟಿಸಿ’ ಎಂಬ ಕೋಶದಲ್ಲಿರುವ ಕಡತಗಳು ಬಹುಮಟ್ಟಿಗೆ ಹೊಂದಾಣಿಕೆಯ ಕಡತಗಳು, ಅಂದರೆ ಬಳಕೆದಾರರು ತಿದ್ದಿಕೊಳ್ಳಲೆಂದೇ ಇರುವಂಥವು. ಪರಿಷ್ಕರಣೆಯ ವೇಳೆ ಡಿಪಿಕೆಜಿಯು ಇಂಥ ಪ್ರತಿಯೊಂದು ಕಡತದ ಮೂರು ರೂಪಗಳನ್ನು ಹೋಲಿಸುತ್ತದೆ: ಹಿಂದಿನ ಪ್ಯಾಕೇಜಿನೊಂದಿಗೆ ಬಂದದ್ದು, ಈಗ ಗಣಕದಲ್ಲಿ ಇರುವುದು, ಹೊಸ ಪ್ಯಾಕೇಜು ತಂದಿರುವುದು. ನಾವು ಏನನ್ನೂ ತಿದ್ದಿಲ್ಲವಾದರೆ ಹೊಸದು ಸದ್ದಿಲ್ಲದೆ ಬಂದು ಕೂರುತ್ತದೆ. ನಾವು ತಿದ್ದಿದ್ದು, ಪ್ಯಾಕೇಜಿನವರು ಬದಲಿಸಿಲ್ಲವಾದರೆ ನಮ್ಮದು ಹಾಗೆಯೇ ಉಳಿಯುತ್ತದೆ. ಇಬ್ಬರೂ ಬದಲಿಸಿದ್ದರೆ ಮಾತ್ರ ಗಣಕವು ನಿಂತು ಪ್ರಶ್ನೆ ಕೇಳುತ್ತದೆ.

ಪ್ರಶ್ನೆ ಇಂಗ್ಲಿಷಿನಲ್ಲಿ ಬಂದರೂ ಅರ್ಥ ಸರಳ. ‘ವೈ’ ಒತ್ತಿದರೆ ಪ್ಯಾಕೇಜಿನವರ ಕಡತ, ‘ಎನ್’ ಒತ್ತಿದರೆ ನಮ್ಮ ಕಡತ, ‘ಡಿ’ ಒತ್ತಿದರೆ ಎರಡರ ನಡುವಿನ ವ್ಯತ್ಯಾಸ. ಏನೂ ಹೇಳದೆ ಎಂಟರ್ ಒತ್ತಿದರೆ ನಮ್ಮದೇ ಉಳಿಯುತ್ತದೆ. ಪರಿಷ್ಕರಣೆ ಮಾಡಲು ಬಂದವರಿಗೆ ಹೊಸದೇ ಒಳ್ಳೆಯದೆಂಬ ಅನಿಸಿಕೆ ಸಹಜ, ‘ವೈ’ ಒತ್ತಿಬಿಡುತ್ತಾರೆ. ಗಡಿಜಿಲ್ಲೆಯ ಗಣಕದಲ್ಲಿ ಇದರ ಪರಿಣಾಮವೇ ಬೇರೆ. ಮೂಲ ಕಡತದಲ್ಲಿ ಇಲ್ಲದ, ಇಲ್ಲಿಯವರು ಸೇರಿಸಿಕೊಂಡ ಸಾಲುಗಳು ಯಾವುವು? ಅನೇಕ ವೇಳೆ ಕನ್ನಡಕ್ಕೆ ಸಂಬಂಧಿಸಿದವೇ. ಅವು ಹೋದದ್ದು ಕನ್ನಡ ಓದಲು ಬಾರದ ತಂತ್ರಜ್ಞರ ಕಣ್ಣಿಗೆ ಬೀಳುವುದೂ ಇಲ್ಲ. ಪರದೆಯ ಮೇಲೆ ಇಂಗ್ಲಿಷು, ಮರಾಠಿ ಸರಿಯಾಗಿಯೇ ಕಾಣುತ್ತಿರುತ್ತವೆ.

ಅಕ್ಷರಶೈಲಿಗಳ ಉದಾಹರಣೆಯನ್ನೇ ನೋಡೋಣ. ಲೋಹಿತ್, ಗುಬ್ಬಿ, ನವಿಲು ಮುಂತಾದ ಕನ್ನಡ ಅಕ್ಷರಶೈಲಿಗಳು ಡೆಬಿಯನ್‌ನಲ್ಲಿ ಪ್ಯಾಕೇಜುಗಳಾಗಿ ದೊರೆಯುತ್ತವೆ. ಯಾವುದಕ್ಕೆ ಆದ್ಯತೆ ಎಂಬುದನ್ನು ನಿರ್ಧರಿಸುವುದು ಫಾಂಟ್‌ಕಾನ್ಫಿಗ್ ಎಂಬ ತಂತ್ರಾಂಶ. ಅದರ ಮುಖ್ಯ ಕಡತ ‘ಫಾಂಟ್ಸ್.ಕಾನ್ಫ್’. ಇದನ್ನು ತಿದ್ದಬೇಡಿ, ಪರಿಷ್ಕರಣೆಯಾದಾಗ ಇದು ಬದಲಾಗುತ್ತದೆ, ನಿಮ್ಮ ಬದಲಾವಣೆಗಳು ‘ಲೋಕಲ್.ಕಾನ್ಫ್’ ಕಡತಕ್ಕೆ ಸೇರಬೇಕು ಎಂದು ಆ ಕಡತದ ತಲೆಯ ಮೇಲೆಯೇ ಬರೆದಿದೆ. ಆದರೂ ಅವಸರದಲ್ಲಿ ಅದನ್ನೇ ತಿದ್ದಿದವರು ಕಡಿಮೆಯಿಲ್ಲ! ಪ್ರಶ್ನೆ ಬಂದಾಗ ಮೊದಲು ‘ಡಿ’ ಒತ್ತಬೇಕು. ಕಳೆಯುವ ಚಿಹ್ನೆಯ ಸಾಲುಗಳು ನಮ್ಮ ಕಡತದಲ್ಲಿರುವವು, ಕೂಡುವ ಚಿಹ್ನೆಯವು ಹೊಸದರಲ್ಲಿರುವವು. ಕಳೆಯುವ ಚಿಹ್ನೆಯದೆಲ್ಲ ನಾವು ಬರೆದದ್ದೇ ಆಗಿರಬೇಕಿಲ್ಲ; ಪ್ಯಾಕೇಜಿನವರು ತಾವೇ ಕೈಬಿಟ್ಟ ಹಳೆಯ ಸಾಲೂ ಅಲ್ಲಿರಬಹುದು. ನಂತರ ‘ಎನ್’ ಒತ್ತಿ ಮುಂದುವರಿದರೆ ಹೊಸ ಕಡತವು ‘ಡಿಪಿಕೆಜಿ-ಡಿಸ್ಟ್’ ಎಂಬ ಬಾಲದೊಂದಿಗೆ ಪಕ್ಕದಲ್ಲೇ ಉಳಿದಿರುತ್ತದೆ. ಬಿಡುವಾದಾಗ ನಮ್ಮ ಕನ್ನಡದ ಸಾಲುಗಳನ್ನು ‘ಲೋಕಲ್.ಕಾನ್ಫ್’ಗೆ ಸಾಗಿಸಿ, ಹೊಸದನ್ನು ಅದರ ಸ್ಥಾನದಲ್ಲಿ ಇರಿಸಬಹುದು. ‘ಲೋಕಲ್.ಕಾನ್ಫ್’ ಯಾವ ಪ್ಯಾಕೇಜಿಗೂ ಸೇರಿದ್ದಲ್ಲ. ಆದ್ದರಿಂದ ಪರಿಷ್ಕರಣೆ ಅದನ್ನು ಮುಟ್ಟುವುದಿಲ್ಲ. ಅಕಸ್ಮಾತ್ ‘ವೈ’ ಒತ್ತಿದ್ದರೂ ಎಲ್ಲವೂ ಮುಗಿಯಲಿಲ್ಲ: ನಮ್ಮ ಹಳೆಯ ಕಡತವು ‘ಡಿಪಿಕೆಜಿ-ಓಲ್ಡ್’ ಎಂಬ ಬಾಲ ಹೊತ್ತು ಅಲ್ಲೇ ಇರುತ್ತದೆ. ಸದಾ ‘ಎನ್’ ಒತ್ತುತ್ತ ಹೋಗುವುದೂ ಜಾಣತನವಲ್ಲ. ಹಳೆಯ ಹೊಂದಾಣಿಕೆಯು ಹೊಸ ತಂತ್ರಾಂಶಕ್ಕೆ ಅರ್ಥವಾಗದೆ ಹೋಗಬಹುದು.

ಪ್ರಶ್ನೆ ಕೇಳಿ ಅಳಿಸುವುದಕ್ಕಿಂತ ಕೇಳದೆಯೇ ಅಳಿಸುವುದು ಹೆಚ್ಚು ಅಪಾಯಕರ. ಕೀಲಿಮಣೆಯಲ್ಲಿ ಆಗುವುದು ಇದೇ. ಭಾರತೀಯ ಭಾಷೆಗಳ ಕೀಲಿವಿನ್ಯಾಸಗಳೆಲ್ಲ ‘ಯುಎಸ್‌ಆರ್’ ಕೋಶದೊಳಗಿನ ‘ಇನ್’ ಎಂಬ ಒಂದೇ ಕಡತದಲ್ಲಿವೆ. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ಹೆಸರಿನಿಂದ ಕಗಪ ಎಂದು ಪ್ರಸಿದ್ಧವಾದ ವಿನ್ಯಾಸ ಅಲ್ಲಿದೆ. ಅದೇ ಕಗಪ ಹೆಸರಿನ ಮರಾಠಿ ವಿನ್ಯಾಸವೂ ಅದೇ ಕಡತದಲ್ಲಿದೆ. ಮರಾಠಿ ಬರೆಯುವವರಿಗೂ ಕನ್ನಡದ ಹೆಸರು ಹೊತ್ತ ಕೀಲಿಮಣೆ ಒದಗುತ್ತಿರುವುದು ಗಡಿನಾಡಿನವರಿಗೆ ಹಿತವಾದ ಸಂಗತಿಯೇ. ಎರಡನ್ನೂ ಬಳಸುವವರಿಗೆ ಬೆರಳುಗಳ ಅಭ್ಯಾಸ ಒಂದೇ ಸಾಕು.

‘ರ‍್ಯಾಂಕ್’ ಎಂದು ಬರೆಯಲು ರಕಾರದ ಬಳಿಕ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದು ಬೇಕು. ಇಲ್ಲವಾದರೆ ಅದು ಅರ್ಕಾವತ್ತಿನ ‘ರ್ಯಾಂಕ್’ ಆಗುತ್ತದೆ. ಆ ಚಿಹ್ನೆಯನ್ನು ಬೆರಳಿಗೆ ಸುಲಭವಾದ ಕೀಲಿಗೆ ತಂದುಕೊಳ್ಳಲೆಂದು ‘ಇನ್’ ಕಡತವನ್ನೇ ತಿದ್ದಿದರೆ, ಮುಂದಿನ ಪರಿಷ್ಕರಣೆಯಲ್ಲಿ ಆ ತಿದ್ದುಪಡಿ ಮಾಯವಾಗುತ್ತದೆ. ಕಡತ ‘ಇಟಿಸಿ’ಯಲ್ಲಿಲ್ಲ, ಹೊಂದಾಣಿಕೆಯದೆಂದು ಲೆಕ್ಕದಲ್ಲಿಲ್ಲ, ಹಾಗಾಗಿ ಪ್ರಶ್ನೆಯೂ ಇಲ್ಲ, ಹಳೆಯ ಪ್ರತಿಯೂ ಉಳಿಯುವುದಿಲ್ಲ. ಬದಲಾಗಿ, ತಿದ್ದಿದ ವಿನ್ಯಾಸವನ್ನು ಬೇರೆ ಹೆಸರಿನ ಕಡತವಾಗಿ ಅದೇ ಕೋಶದಲ್ಲಿ ಇಡಬೇಕು. ಇತ್ತೀಚಿನ ಆವೃತ್ತಿಗಳಲ್ಲಿ ‘ಕಸ್ಟಮ್’ ಎಂಬ ಹೆಸರನ್ನು ಇದಕ್ಕೆಂದೇ ಕಾದಿರಿಸಲಾಗಿದೆ.

ಇನ್ನೊಂದು ಬಗೆಯ ತಿಕ್ಕಾಟವೂ ಇದೆ. ಎರಡು ಪ್ಯಾಕೇಜುಗಳು ಒಂದೇ ಕಡತವನ್ನು ತಮ್ಮದೆಂದು ಸಾರಿದರೆ ಡಿಪಿಕೆಜಿ ಎರಡನೆಯದನ್ನು ತಡೆದು ನಿಲ್ಲಿಸುತ್ತದೆ. ಎಲ್ಲಿಂದಲೋ ತಂದ ಅಕ್ಷರಶೈಲಿಯ ಪ್ಯಾಕೇಜನ್ನು ಹಾಕಿದ ಮೇಲೆ, ಅದೇ ಶೈಲಿಯನ್ನು ಅದೇ ಜಾಗದಲ್ಲಿಡುವ ಅಧಿಕೃತ ಪ್ಯಾಕೇಜು ಬಂದರೆ ಹೀಗಾಗಬಹುದು. ಬಲವಂತದಿಂದ ಮೇಲೆ ಬರೆಸುವ ಆದೇಶವೊಂದಿದೆ. ಅದನ್ನು ಬಳಸುವ ಮೊದಲು ಹೊರಗಿನ ಪ್ಯಾಕೇಜನ್ನು ತೆಗೆದುಹಾಕಿ ನೋಡುವುದು ಲೇಸು.

ರಾತ್ರಿ ತಾನಾಗಿಯೇ ಪರಿಷ್ಕರಿಸಿಕೊಳ್ಳುವಂತೆ ಇಟ್ಟ ಗಣಕಗಳ ಬಗ್ಗೆ ಒಂದು ಮಾತು. ಉತ್ತರಿಸುವವರು ಯಾರೂ ಇಲ್ಲದ್ದರಿಂದ, ಪ್ರಶ್ನೆ ಏಳುವಂಥ ಪ್ಯಾಕೇಜನ್ನು ಅದು ಸಾಮಾನ್ಯವಾಗಿ ಮುಂದಕ್ಕೆ ತಳ್ಳುತ್ತದೆ. ಕನ್ನಡ ಕೆಡುವುದಿಲ್ಲ, ಆದರೆ ಆ ಪ್ಯಾಕೇಜಿನ ಭದ್ರತಾ ತಿದ್ದುಪಡಿಯೂ ಬಂದಿರುವುದಿಲ್ಲ. ಕಾಸರಗೋಡಿನ ಶಾಲೆಗಳಿಗೆ ಕೇರಳದ ಕೈಟ್ ಸಂಸ್ಥೆಯು ಉಬುಂಟು ಆಧಾರಿತ ವ್ಯವಸ್ಥೆಯನ್ನು ಸಿದ್ಧಪಡಿಸಿಯೇ ಕೊಡುತ್ತದೆ. ಮಿರಜಿನ ಅಂಗಡಿಯಲ್ಲಿ ಆ ಕೆಲಸ ಗಣಕದ ಮುಂದೆ ಕುಳಿತವರದೇ. ತಿಂಗಳಿಗೊಮ್ಮೆಯಾದರೂ ಕೈಯಾರೆ ಪರಿಷ್ಕರಿಸಿ, ‘ಇಟಿಸಿ’ ಕೋಶದಲ್ಲಿ ‘ಡಿಪಿಕೆಜಿ-ಡಿಸ್ಟ್’, ‘ಡಿಪಿಕೆಜಿ-ಓಲ್ಡ್’ ಬಾಲದ ಕಡತಗಳಿವೆಯೇ ಎಂದು ಹುಡುಕಬೇಕು. ಕನ್ನಡದ ಒಂದು ಪುಟವನ್ನು ತೆರೆದು, ಟೈಪಿಸಿ, ಮುದ್ರಿಸಿ ನೋಡಬೇಕು. ತಂತ್ರಜ್ಞರನ್ನು ಕರೆಸಿದ್ದರೆ ಅವರು ಹೊರಡುವ ಮುನ್ನವೇ ಇದಾಗಲಿ.