ಗಾಲಿಯ ಮೇಲಿನ ಮನೆಗೆ ಎಂಥ ಹವಾಮಾನ ಕೇಂದ್ರ?

ಅಮೆರಿಕದ ಅರಿಜೋನಾ ರಾಜ್ಯದ ಪಶ್ಚಿಮ ಅಂಚಿನಲ್ಲಿ ಕ್ವಾರ್ಟ್ಸೈಟ್ ಎಂಬ ಚಿಕ್ಕ ಊರಿದೆ. ಮರುಭೂಮಿಯ ಊರು. ಚಳಿಗಾಲ ಬಂತೆಂದರೆ ಸುತ್ತಲಿನ ಸರ್ಕಾರಿ ಬಯಲಿನಲ್ಲಿ ಆರ್‌ವಿಗಳ ಜಾತ್ರೆ ನೆರೆಯುತ್ತದೆ. ಆರ್‌ವಿ ಎಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊತ್ತು ತಿರುಗುವ ವಾಹನ. ಅಲ್ಲಿ ಬೀಡುಬಿಡುವವರಲ್ಲಿ ಹಲವರಿಗೆ ಬೇರೆ ಮನೆಯೇ ಇಲ್ಲ. ಇದ್ದದ್ದನ್ನು ಮಾರಿ ವರ್ಷವಿಡೀ ಗಾಲಿಯ ಮೇಲೆ ಬದುಕುವವರು. ಬಿಸಿಲು ಏರತೊಡಗಿದಂತೆ ಅವರು ಎತ್ತರದ ಊರುಗಳತ್ತ ಹೊರಡುತ್ತಾರೆ. ಕ್ವಾರ್ಟ್ಸೈಟ್ ಸಮುದ್ರಮಟ್ಟದಿಂದ ಸುಮಾರು 270 ಮೀಟರ್ ಎತ್ತರದಲ್ಲಿದ್ದರೆ, ಅದೇ ರಾಜ್ಯದ ಫ್ಲ್ಯಾಗ್‌ಸ್ಟಾಫ್ 2,100 ಮೀಟರ್ ಎತ್ತರದಲ್ಲಿದೆ. ಅರ್ಧ ದಿನದ ದಾರಿ. ಅಷ್ಟರಲ್ಲಿ ಗಾಳಿಯ ಒತ್ತಡ ಸುಮಾರು 980 ಹೆಕ್ಟೋಪ್ಯಾಸ್ಕಲ್‌ನಿಂದ 785ಕ್ಕೆ ಇಳಿದಿರುತ್ತದೆ.

ಸಮುದ್ರಮಟ್ಟದಲ್ಲಿ ದಾಖಲಾಗಿರುವ ಅತಿ ಕಡಿಮೆ ಒತ್ತಡ 870 ಹೆಕ್ಟೋಪ್ಯಾಸ್ಕಲ್. 1979ರಲ್ಲಿ ಪೆಸಿಫಿಕ್ ಸಾಗರದ ಮೇಲೆದ್ದ 'ಟಿಪ್' ಚಂಡಮಾರುತದ ಕಣ್ಣಿನಲ್ಲಿ ಅಳೆದದ್ದು ಅದು. ಹಾಗಿದ್ದ ಮೇಲೆ, ಕ್ವಾರ್ಟ್ಸೈಟ್‌ಗೆ ಹೊಂದಿಸಿಟ್ಟ ಹವಾಮಾನ ಕೇಂದ್ರವನ್ನು ಹಾಗೆಯೇ ಫ್ಲ್ಯಾಗ್‌ಸ್ಟಾಫ್‌ಗೆ ಒಯ್ದರೆ ಏನಾದೀತು? ತಿಳಿ ಆಕಾಶದ ಕೆಳಗೆ ನಿಂತು, ಜಗತ್ತು ಕಂಡು ಕೇಳರಿಯದ ಚಂಡಮಾರುತ ಬಂದಿದೆ ಎಂದು ಅದರ ಪರದೆ ಸಾರುತ್ತದೆ. ಯಂತ್ರ ಕೆಟ್ಟಿಲ್ಲ. ಮನೆ ಎಂದರೆ ಇದ್ದಲ್ಲೇ ಇರುವಂಥದ್ದು ಎಂದು ಅದನ್ನು ಮಾಡಿದವರು ನಂಬಿದ್ದರು, ಅಷ್ಟೇ. ಊರೆತ್ತರ, ಉತ್ತರ ದಿಕ್ಕು, ನೆರಳು ಬೀಳುವ ಜಾಗ, ವೈಫೈ, ನಕ್ಷೆಯ ಮೇಲಿನ ವಿಳಾಸ, ಎಲ್ಲವನ್ನೂ ಒಮ್ಮೆ ಹೇಳಿಕೊಟ್ಟರೆ ಸಾಕು ಎಂಬ ಲೆಕ್ಕದಲ್ಲಿ ಮನೆಬಳಕೆಯ ಹವಾಮಾನ ಕೇಂದ್ರಗಳು ತಯಾರಾಗುತ್ತವೆ. ಆದ್ದರಿಂದ ಆರ್‌ವಿವಾಸಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ನಿಖರತೆಯದ್ದಲ್ಲ. ಹಳೆಯ ಊರನ್ನು ಇದು ಎಷ್ಟು ಸುಲಭವಾಗಿ ಮರೆಯುತ್ತದೆ ಎಂದು ಕೇಳಬೇಕು.

ಒತ್ತಡದ ಈ ತೊಡಕು ಬ್ಯಾರೋಮೀಟರಿನಷ್ಟೇ ಹಳೆಯದು. 1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನ ಪ್ಯೂಯಿ ದ ಡೋಮ್ ಬೆಟ್ಟಕ್ಕೆ ಫ್ಲೋರಿನ್ ಪೆರಿಯೇ ಪಾದರಸದ ಕೊಳವೆ ಹೊತ್ತು ಹತ್ತಿದ. ಅವನನ್ನು ಈ ಕೆಲಸಕ್ಕೆ ಹಚ್ಚಿದ್ದು ಅವನ ಹೆಂಡತಿಯ ತಮ್ಮ, ಬ್ಲೇಸ್ ಪ್ಯಾಸ್ಕಲ್. ಮೇಲೆ ಹೋದಂತೆ ಪಾದರಸ ಇಳಿಯಿತು. ಇಳಿದದ್ದು ಎತ್ತರದಿಂದಲೋ ಅಥವಾ ಅಷ್ಟರಲ್ಲಿ ಹವೆಯೇ ಬದಲಾಗಿತ್ತೋ? ಈ ಅನುಮಾನ ಮೊದಲೇ ಇದ್ದುದರಿಂದ ಪೆರಿಯೇ ಇನ್ನೊಂದು ಕೊಳವೆಯನ್ನು ಕೆಳಗೆ ಕ್ಲೆರ್ಮೋನ್ ಊರಿನ ಮಠದ ತೋಟದಲ್ಲಿಟ್ಟು, ದಿನವಿಡೀ ಅದನ್ನು ನೋಡುತ್ತಿರಲು ಒಬ್ಬ ಸನ್ಯಾಸಿಯನ್ನು ಕೂರಿಸಿದ್ದ. ಅಲ್ಲಿ ಪಾದರಸ ಅಲುಗಿರಲಿಲ್ಲ. ಪ್ಯಾಸ್ಕಲ್‌ನ ಹೆಸರು ಒತ್ತಡದ ಏಕಮಾನಕ್ಕೇ ಅಂಟಿಕೊಂಡಿತು; ಬೆಟ್ಟ ಹತ್ತಿದವನನ್ನೂ ಕೆಳಗೆ ಕಾದು ಕುಳಿತವನನ್ನೂ ನೆನೆಯುವವರು ಕಡಿಮೆ.

ಇವತ್ತಿನ ಆರ್‌ವಿವಾಸಿಗೆ ಆ ಸನ್ಯಾಸಿಯ ಕೆಲಸವನ್ನು ಹತ್ತಿರದ ವಿಮಾನ ನಿಲ್ದಾಣ ಮಾಡಿಕೊಡುತ್ತದೆ. ಅಮೆರಿಕದ ನೂರಾರು ನಿಲ್ದಾಣಗಳಲ್ಲಿ ಸ್ವಯಂಚಾಲಿತ ಕೇಂದ್ರಗಳಿವೆ. ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡವನ್ನು ಅವು ಪೈಲಟ್‌ಗಳಿಗಾಗಿ ಸತತವಾಗಿ ಪ್ರಕಟಿಸುತ್ತವೆ. ಹೊಸ ಜಾಗದಲ್ಲಿ ಗಾಡಿ ನಿಲ್ಲಿಸಿದ ಮೇಲೆ ಆ ಅಂಕಿಯನ್ನು ನೋಡಿ ನಮ್ಮ ಪರದೆಯ ಅಂಕಿಯನ್ನು ಅದಕ್ಕೆ ಸರಿಹೊಂದಿಸಿದರಾಯಿತು. ಈ ಹೊಂದಾಣಿಕೆ ಎರಡು ಗುಂಡಿ ಒತ್ತಿದರೆ ಮುಗಿಯುವಂತಿರಬೇಕು. ಮೆನುವಿನೊಳಗಿನ ಮೆನುವಿನಲ್ಲಿ ಅದನ್ನು ಹೂತಿಟ್ಟಿರುವ ಯಂತ್ರವನ್ನು ಮೂರನೆಯ ಊರಿನ ಹೊತ್ತಿಗೆ ಯಾರೂ ಮುಟ್ಟುವುದಿಲ್ಲ.

ಅಷ್ಟೂ ಬೇಡವೆನ್ನುವವರು ಅಂಕಿಯನ್ನು ಬಿಟ್ಟು ಅದರ ಏರಿಳಿತವನ್ನಷ್ಟೇ ನೋಡಬಹುದು. ಮೂರು ಗಂಟೆಯಲ್ಲಿ 3-4 ಹೆಕ್ಟೋಪ್ಯಾಸ್ಕಲ್ ಕುಸಿದರೆ ಗಾಳಿ ಜೋರಾಗುತ್ತದೆ ಎಂಬ ನಾವಿಕರ ಲೆಕ್ಕ ನಿಂತ ಗಾಡಿಗೂ ಸಲ್ಲುತ್ತದೆ. ಆದರೆ ಬಿಸಿಲ ನಾಡಿನಲ್ಲಿ ಒಂದು ಎಚ್ಚರ ಬೇಕು. ಅಲ್ಲಿ ಒತ್ತಡ ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕೈದರ ಹೊತ್ತಿಗೆ ತಾನಾಗಿ ಕೆಲವು ಅಂಕಿ ಇಳಿಯುತ್ತದೆ. ಅದು ವಾತಾವರಣದ ದೈನಂದಿನ ಉಬ್ಬರವಿಳಿತ. ಅದಕ್ಕೆ ಬೆದರಿ ಗಂಟುಮೂಟೆ ಕಟ್ಟಬೇಕಿಲ್ಲ.

ಇನ್ನು ಗಾಳಿ. ನನ್ನ ಮಟ್ಟಿಗೆ ಆರ್‌ವಿಯಲ್ಲಿ ಹವಾಮಾನ ಕೇಂದ್ರ ಇಟ್ಟುಕೊಳ್ಳಲು ನಿಜವಾದ ಕಾರಣ ಇದೊಂದೇ. ಗಾಳಿಯ ಒತ್ತು ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಒತ್ತು ನಾಲ್ಕು ಪಟ್ಟು. ಹತ್ತು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಗಾಡಿಯ ಪಕ್ಕೆಗೆ ಗಂಟೆಗೆ 45 ಕಿ.ಮೀ. ವೇಗದ ಗಾಳಿ ಅಡ್ಡಲಾಗಿ ಬಡಿದರೆ ಸುಮಾರು 290 ಕಿಲೋ ತೂಕದಷ್ಟು ಒತ್ತು ಬೀಳುತ್ತದೆ. 90 ಕಿ.ಮೀ. ವೇಗಕ್ಕೆ ಅದು 1,150 ಕಿಲೋ ದಾಟುತ್ತದೆ. ವಯೋಮಿಂಗ್ ರಾಜ್ಯದ ಇಂಟರ್‌ಸ್ಟೇಟ್ 80ರಲ್ಲಿ ಗಾಳಿ ಎದ್ದ ದಿನ ಎತ್ತರದ ಹಗುರ ವಾಹನಗಳನ್ನು ರಸ್ತೆಗೆ ಬಿಡದಿರುವುದು ಇದೇ ಕಾರಣಕ್ಕೆ.

ಗಾಡಿಗಿಂತ ಮೊದಲು ಹೋಗುವುದು ಅದರ ಪಕ್ಕಕ್ಕೆ ಬಿಚ್ಚಿಕೊಳ್ಳುವ ಬಟ್ಟೆಯ ಚಪ್ಪರ. ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಚಪ್ಪರದೊಳಗೆ 45 ಕಿ.ಮೀ. ವೇಗದ ಗಾಳಿ ತುಂಬಿಕೊಂಡರೆ ಸುಮಾರು 120 ಕಿಲೋ ಎಳೆತ. ಎರಡು ತೆಳು ಅಲ್ಯೂಮಿನಿಯಂ ತೋಳುಗಳು ಅದನ್ನು ತಡೆಯಬೇಕು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಬಹುತೇಕ ಕಡೆಗಳಲ್ಲಿ ಗಾಳಿಯ ಮುನ್ನೆಚ್ಚರಿಕೆ ಹೊರಡಿಸುವುದು ಗಾಳಿ ಒಂದೇಸಮ ಸುಮಾರು 50 ಕಿ.ಮೀ. ವೇಗದಲ್ಲಿ ಬೀಸಿದಾಗ, ಇಲ್ಲವೇ ಅದರ ಹೊಡೆತ 74 ಕಿ.ಮೀ. ಮುಟ್ಟಿದಾಗ. ಅಷ್ಟರೊಳಗೆ ಚಪ್ಪರದ ಕಥೆ ಮುಗಿದಿರುತ್ತದೆ. ಸರ್ಕಾರದ ಎಚ್ಚರಿಕೆ ಊರಿನ ಮರಗಳಿಗೂ ಮನೆಗಳಿಗೂ ಲೆಕ್ಕ ಹಾಕಿದ್ದು, 25-30 ಕಿ.ಮೀ.ಗೇ ಕೂಗಿಕೊಳ್ಳುವ ಎಚ್ಚರಿಕೆಗಂಟೆಯನ್ನು ನಾವೇ ಇಟ್ಟುಕೊಳ್ಳಬೇಕು.

ಆ ಗಂಟೆ ಹೊತ್ತಿಗೆ ಸರಿಯಾಗಿ ಬಾರಿಸಬೇಕಾದದ್ದೂ ಮುಖ್ಯ. ಹವಾಮಾನ ಶಾಸ್ತ್ರದಲ್ಲಿ ಗಾಳಿಯ ಹೊಡೆತ ಎಂದರೆ ಮೂರು ಸೆಕೆಂಡಿನ ಸರಾಸರಿ ವೇಗ. ಡೇವಿಸ್ ಕಂಪನಿಯ ವ್ಯಾಂಟೇಜ್ ವ್ಯೂ ಎರಡೂವರೆ ಸೆಕೆಂಡಿಗೊಮ್ಮೆ ಸುದ್ದಿ ಕಳಿಸುತ್ತದೆ. ಆ್ಯಂಬಿಯೆಂಟ್ ವೆದರ್‌ನ ಅಗ್ಗದ, ಜನಪ್ರಿಯ ಮಾದರಿಯಾದ ಡಬ್ಲ್ಯುಎಸ್-2902 ಹದಿನಾರು ಸೆಕೆಂಡಿಗೊಮ್ಮೆ. ತೋಟದ ಮನೆಯಲ್ಲಿ ಈ ವ್ಯತ್ಯಾಸ ಏನೇನೂ ಅಲ್ಲ; ಚಪ್ಪರ ಬಿಚ್ಚಿ ಕುಳಿತವನಿಗೆ ಅದು ಬಹಳ.

ಗಾಳಿಮಾಪಕವನ್ನು ನೆಡುವುದೆಲ್ಲಿ? ಜಾಗತಿಕ ನಿಯಮ ಹತ್ತು ಮೀಟರ್ ಎತ್ತರ, ಬಯಲು ಜಾಗ ಎನ್ನುತ್ತದೆ. ಆರ್‌ವಿಗೆ ಅದು ಆಗದ ಮಾತು. ಹಿಂಬದಿಯ ಏಣಿಗೆ ಕಟ್ಟಿದ, ಒಂದರೊಳಗೊಂದು ಸೇರುವ ಕೊಳವೆಗಂಬವೇ ಹೆಚ್ಚಿನವರ ಆಯ್ಕೆ. ಸೂರಿಗೆ ಒತ್ತಿ ಕೂರಿಸಿದರೆ ಗಾಡಿಯೇ ಎಬ್ಬಿಸುವ ಸುಳಿಗಳನ್ನು ಅಳೆದಂತಾಗುತ್ತದೆ. ಒಂದೆರಡು ಮೀಟರಾದರೂ ಮೇಲಿರಲಿ. ಹೊರಡುವ ಮುನ್ನ ಇಳಿಸಲೇಬೇಕು. ಇಲ್ಲದಿದ್ದರೆ ಹೆದ್ದಾರಿಯ ನೂರು ಕಿ.ಮೀ. ವೇಗದ ಗಾಳಿಯಲ್ಲಿ ಬಟ್ಟಲುಗಳು ಗಂಟೆಗಟ್ಟಲೆ ಗಿರಗಿರನೆ ತಿರುಗಿ ಬೇರಿಂಗ್ ಸವೆಯುತ್ತದೆ, ಜೊತೆಗೆ ತಗ್ಗು ಸೇತುವೆಗಳ ಭಯ ಬೇರೆ.

ದಿಕ್ಕಿನ ವಿಷಯದಲ್ಲಿ ಕೈಪಿಡಿಗಳ ಮಾತನ್ನು ನಾನು ಒಪ್ಪುವುದಿಲ್ಲ. ಕೇಂದ್ರವನ್ನು ನಿಜವಾದ ಉತ್ತರಕ್ಕೆ ಮುಖಮಾಡಿ ನಿಲ್ಲಿಸಿ ಎಂದು ಅವು ಹೇಳುತ್ತವೆ. ದಿಕ್ಸೂಚಿಯ ಉತ್ತರವೂ ಭೂಮಿಯ ಉತ್ತರವೂ ಒಂದೇ ಅಲ್ಲವಲ್ಲ. ಪೂರ್ವ ತುದಿಯ ಮೇಯ್ನ್‌ನಲ್ಲಿ ಮುಳ್ಳು ಸುಮಾರು 15 ಡಿಗ್ರಿ ಪಶ್ಚಿಮಕ್ಕೆ ವಾಲಿದರೆ, ಪಶ್ಚಿಮ ತುದಿಯ ವಾಷಿಂಗ್ಟನ್ ರಾಜ್ಯದಲ್ಲಿ ಅಷ್ಟೇ ಪೂರ್ವಕ್ಕೆ ವಾಲುತ್ತದೆ. ಇಷ್ಟೆಲ್ಲ ತಿದ್ದಿಕೊಂಡು ಗಾಳಿ ವಾಯವ್ಯದಿಂದ ಬರುತ್ತಿದೆ ಎಂದು ತಿಳಿದು ಆಗುವುದೇನು? ತಿಳಿಯಬೇಕಾದದ್ದು ಅದು ಗಾಡಿಯ ಮೂತಿಗೆ ಬಡಿಯುತ್ತಿದೆಯೋ ಪಕ್ಕೆಗೋ ಎಂಬುದು. ಗಾಡಿಯ ಮೂತಿಯನ್ನೇ ಸೊನ್ನೆ ಡಿಗ್ರಿ ಎಂದಿಟ್ಟುಕೊಂಡರೆ ಊರೂರಿಗೆ ತಿದ್ದುವ ಗೋಜಿಲ್ಲ, ಪರದೆಯಲ್ಲಿ 90 ಎಂದು ಕಂಡರೆ ಚಪ್ಪರ ಮಡಚುವ ಹೊತ್ತು. ಎರಡೂ ಬೇಕೆನ್ನುವವರಿಗೆ ದೋಣಿಗಳಿಗಾಗಿ ಮಾಡಿದ ಏರ್‌ಮಾರ್‌ನಂಥ ಉಪಕರಣಗಳಿವೆ. ತಿರುಗುವ ಭಾಗವೇ ಇಲ್ಲದ ಶ್ರವಣಾತೀತ ಗಾಳಿಮಾಪಕ, ಜಿಪಿಎಸ್, ದಿಕ್ಸೂಚಿ ಎಲ್ಲ ಅವುಗಳೊಳಗೇ ಇರುತ್ತವೆ. ಬೆಲೆ ಮಾತ್ರ ಸಾವಿರ ಡಾಲರ್ ಮೀರುತ್ತದೆ.

ಉಷ್ಣತೆಯನ್ನು ಅಳೆಯುವುದು ಸುಲಭ, ಸರಿಯಾಗಿ ಅಳೆಯುವುದು ಕಷ್ಟ. ಬಿಸಿಲಿಗೆ ಕಾದ ಸೂರು, ಅದರ ಮೇಲಿನ ಎಸಿ ಉಗುಳುವ ಬಿಸಿಗಾಳಿ, ಪಕ್ಕದ ಜನರೇಟರ್, ಎಲ್ಲವೂ ಸುಳ್ಳು ಸಾಕ್ಷಿಗಳೇ. ಉಷ್ಣತೆಯ ಸಂವೇದಕ ಗಾಳಿಮಾಪಕದಿಂದ ಬೇರೆಯಾಗಿದ್ದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ನೆರಳಿಗೆ ತೂಗುಹಾಕಲು ಬರುವಂತಿದ್ದರೆ ಒಳ್ಳೆಯದು. ಎಲ್ಲವನ್ನೂ ಒಂದೇ ಕಂಬಕ್ಕೆ ಪೋಣಿಸಿದ ಮಾದರಿಗಳು ಅಂದವಾಗಿ ಕಾಣುತ್ತವೆ, ಆದರೆ ಗಾಳಿಗೆ ಎತ್ತರ ಬೇಕು, ಉಷ್ಣತೆಗೆ ತಗ್ಗು ಬೇಕು.

ಅದಕ್ಕಿಂತಲೂ ಉಪಯೋಗದ ಉಷ್ಣತೆಗಳು ಗಾಡಿಯ ಒಳಗಿವೆ. ಆರ್‌ವಿಗಳಲ್ಲಿ ಈಗ ಸಾಮಾನ್ಯವಾಗಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಅದು ಕೆಡುತ್ತದೆ. ಗಾಡಿಯ ಹೊಟ್ಟೆಯಡಿಯ ನೀರಿನ ಕೊಳವೆ ಹೆಪ್ಪುಗಟ್ಟಿದರೆ ಒಡೆಯುತ್ತದೆ. ಇಕೋವಿಟ್, ಆ್ಯಂಬಿಯೆಂಟ್ ಕಂಪನಿಗಳ ಕೇಂದ್ರಗಳಿಗೆ ಎಂಟು ಹೆಚ್ಚುವರಿ ಸಂವೇದಕಗಳನ್ನು ಸೇರಿಸಬಹುದು. ಬ್ಯಾಟರಿ ಗೂಡಿಗೊಂದು, ಕೊಳವೆಯ ಬಳಿ ಒಂದು, ಫ್ರಿಜ್ಜಿಗೊಂದು ಇಟ್ಟರೆ ಹಣ ವಸೂಲಾದಂತೆ.

ತೇವಾಂಶವೂ ಅಷ್ಟೇ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದು ಲೀಟರ್ 600 ಮಿಲಿಲೀಟರಿನಷ್ಟು ನೀರು ಹುಟ್ಟುತ್ತದೆ. ಹೊಗೆಕೊಳವೆ ಇರುವ ಕುಲುಮೆಯಾದರೆ ಅದು ಹೊರಗೆ ಹೋಯಿತು. ಒಲೆ ಮತ್ತು ಕೊಳವೆಯಿಲ್ಲದ ಹೀಟರುಗಳಾದರೆ ಅಷ್ಟೂ ಆವಿ ಆ ಪುಟ್ಟ ಕೋಣೆಯೊಳಗೇ. ಒಳಗೆ 20 ಡಿಗ್ರಿ, 60 ಶೇಕಡಾ ತೇವಾಂಶ ಇದ್ದರೆ ಇಬ್ಬನಿ ಬಿಂದು 12 ಡಿಗ್ರಿ. ಅಂದರೆ 12ಕ್ಕಿಂತ ತಣ್ಣಗಿರುವ ಗಾಜು, ಗೋಡೆ, ಹಾಸಿಗೆಯ ಅಡಿ ಎಲ್ಲ ಕಡೆಯೂ ನೀರು ಜಿನುಗಿ ಬೂಷ್ಟು ಹಿಡಿಯುತ್ತದೆ. ಒಳಗಿನ ಇಬ್ಬನಿ ಬಿಂದುವನ್ನು ತೋರಿಸುವ ಪರದೆ, ಹೊರಗಿನ ಮುನ್ಸೂಚನೆಯ ಮೋಡದ ಚಿತ್ರ ತೋರಿಸುವ ಪರದೆಗಿಂತ ಎಷ್ಟೋ ಮೇಲು.

ಮಳೆಮಾಪಕಕ್ಕೆ ಹೆಚ್ಚು ಮಾತು ಬೇಡ. ತೂಗಿ ಮಗುಚುವ ಬಟ್ಟಲಿನ ಮಾಪಕ ಸಮತಟ್ಟಾಗಿ ನಿಲ್ಲಬೇಕು. ಗಾಡಿಗೆ ಕಟ್ಟಿದರೆ ಒಳಗೆ ಯಾರೋ ಓಡಾಡಿದ್ದಕ್ಕೂ ಅದು ಮಗುಚಿ ಮಳೆ ಬಂತೆನ್ನಬಹುದು. ಟೆಂಪೆಸ್ಟ್ ಎಂಬ ಮಾದರಿಯಲ್ಲಿ ಬಟ್ಟಲೇ ಇಲ್ಲ. ಹನಿಗಳ ಬಡಿತದ ಕಂಪನದಿಂದ ಅದು ಮಳೆಯನ್ನು ಅಂದಾಜು ಮಾಡುತ್ತದೆ. ಕಂಬ ಅಲುಗದಂತೆ ಕಟ್ಟುವುದು ಅಲ್ಲಿ ಇನ್ನೂ ಮುಖ್ಯ. ಹೇಗೂ ಮರುಭೂಮಿಯಲ್ಲಿ ಆರ್‌ವಿಯನ್ನು ಕೊಚ್ಚಿಕೊಂಡು ಹೋಗುವುದು ತಲೆಯ ಮೇಲೆ ಸುರಿದ ಮಳೆಯಲ್ಲ. ಎಲ್ಲೋ ದೂರದ ಗುಡ್ಡದಲ್ಲಿ ಸುರಿದು ಒಣಹಳ್ಳದಲ್ಲಿ ನುಗ್ಗಿ ಬರುವ ನೀರು. ಅದನ್ನು ಯಾವ ಖಾಸಗಿ ಕೇಂದ್ರವೂ ಕಾಣಲಾರದು.

ಅದಕ್ಕೆ ಬೇಕಾದದ್ದು ಹವಾಮಾನ ರೇಡಿಯೊ. ಅಮೆರಿಕ ಸರ್ಕಾರದ ನೋವಾ ಸಂಸ್ಥೆ 162.400ರಿಂದ 162.550 ಮೆಗಾಹರ್ಟ್ಸ್ ನಡುವಿನ ಏಳು ಆವರ್ತನಗಳಲ್ಲಿ ಹಗಲಿರುಳು ಎಚ್ಚರಿಕೆ ಬಿತ್ತರಿಸುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದೆಡೆಯಲ್ಲೂ ಇದು ಸಿಗುವುದುಂಟು. ಇಲ್ಲಿಯೂ ಹಳೆಯ ಊರಿನ ಕಾಟ ತಪ್ಪಿದ್ದಲ್ಲ: ಎಚ್ಚರಿಕೆ ಯಾವ ಕೌಂಟಿಗೆ ಎಂಬುದು ಆರಂಕಿಯ ಸಂಕೇತದಲ್ಲಿರುತ್ತದೆ, ರೇಡಿಯೊಗೆ ನಾವಿರುವ ಕೌಂಟಿಯ ಸಂಕೇತ ಹೇಳದಿದ್ದರೆ ಅದು ಬಿಟ್ಟುಬಂದ ಊರಿನ ಸುಂಟರಗಾಳಿಗೆ ಎಬ್ಬಿಸಿ ಇಲ್ಲಿಯದಕ್ಕೆ ಮಲಗಿರಲು ಬಿಡುತ್ತದೆ.

ಕೊಳ್ಳುವ ಕ್ರಮ ಕೇಳಿದರೆ ನಾನು ರೇಡಿಯೊವನ್ನು ಮೊದಲು ಇಡುತ್ತೇನೆ. ಆಮೇಲೆ ಕೆಸ್ಟ್ರೆಲ್‌ನಂಥ, ಅಂಗೈಯಲ್ಲಿ ಹಿಡಿದು ಗಾಳಿ ಅಳೆಯುವ ಸಾಧನ. ಒಂದೇ ಜಾಗದಲ್ಲಿ ವಾರಗಟ್ಟಲೆ ನಿಲ್ಲುವವರು ಮಾತ್ರ ಪೂರ್ಣ ಕೇಂದ್ರಕ್ಕೆ ಕೈಹಾಕಲಿ. ಅಂಥವರು ಇಂಟರ್ನೆಟ್ ಇಲ್ಲದೆಯೂ ಅಂಕಿ ತೋರಿಸುವ ಸ್ವಂತ ಪರದೆಯ ಮಾದರಿಯನ್ನು ಆರಿಸಬೇಕು; ಫೋನಿನ ಆ್ಯಪ್ ಒಂದನ್ನೇ ನೆಚ್ಚಿಕೊಂಡದ್ದು ಸಿಗ್ನಲ್ ಸಿಗದ ಬಯಲಿನಲ್ಲಿ, ಅದೂ ಗಾಳಿ ಎದ್ದ ರಾತ್ರಿಯಲ್ಲಿ, ಕೈಕೊಡಬಹುದು. ಚಳಿಯ ಊರುಗಳಿಗೆ ಹೋಗುವವರು ಹೊರಗಿನ ಸಂವೇದಕಕ್ಕೆ ಸಾಮಾನ್ಯ ಸೆಲ್ ಬದಲು ಲಿಥಿಯಂ ಸೆಲ್ ಹಾಕಲಿ, ಅದು ಮೈನಸ್ 40ರವರೆಗೂ ತಾಳುತ್ತದೆ. ಮಗಳೋ ಅಳಿಯನೋ ಅಲ್ಲಿಂದ ಬರುವಾಗ ಒಂದು ತಂದರೆ ಬೆಂಗಳೂರಿನ ತಾರಸಿಗೂ ಆದೀತು ಎಂದುಕೊಳ್ಳುವವರಿಗೆ ಒಂದು ಮಾತು: ಅಮೆರಿಕದ ಮಾದರಿಗಳು ಸಾಮಾನ್ಯವಾಗಿ 915 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮಾತಾಡುತ್ತವೆ, ಭಾರತದಲ್ಲಿ ಪರವಾನಗಿ ಬೇಡದ ಪಟ್ಟಿ ಇರುವುದು 865ರಿಂದ 868ರಲ್ಲಿ.

ತಮ್ಮ ಅಂಕಿಗಳನ್ನು ವೆದರ್ ಅಂಡರ್‌ಗ್ರೌಂಡ್‌ನಂಥ ಸಾರ್ವಜನಿಕ ಜಾಲಕ್ಕೆ ಕಳಿಸುವ ಹುಮ್ಮಸ್ಸು ಹಲವರಿಗಿರುತ್ತದೆ. ಆ ಜಾಲಗಳಲ್ಲಿ ಕೇಂದ್ರದ ಅಕ್ಷಾಂಶ ರೇಖಾಂಶ ಒಮ್ಮೆ ಬರೆದಿಟ್ಟದ್ದು ಹಾಗೆಯೇ ಉಳಿಯುತ್ತದೆ. ಬದಲಿಸಲು ಮರೆತರೆ ಟೆಕ್ಸಾಸ್ ಕರಾವಳಿಯ ನಕ್ಷೆಯ ಮೇಲೆ ಮೊಂಟಾನಾದ ಮೈನಸ್ 10 ಡಿಗ್ರಿ ಮೂಡುತ್ತದೆ. ಹಡಗುಗಳು ಈ ಪೇಚಿಗೆ ಎಂದೋ ದಾರಿ ಕಂಡುಕೊಂಡಿವೆ. 1853ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ದೇಶಗಳು ಸಮುದ್ರದ ಮೇಲಿನ ಹವೆಯನ್ನು ಒಂದೇ ಮಾದರಿಯಲ್ಲಿ ದಾಖಲಿಸಲು ಒಪ್ಪಿಕೊಂಡವು. ಇವತ್ತಿಗೂ ಸ್ವಯಂಪ್ರೇರಿತವಾಗಿ ಹವೆ ಬರೆದು ಕಳಿಸುವ ಹಡಗುಗಳು ಪ್ರತಿ ವರದಿಯಲ್ಲೂ ತಾವಿರುವ ಅಕ್ಷಾಂಶ ರೇಖಾಂಶಗಳನ್ನು ಸೇರಿಸುತ್ತವೆ. ಆ ಸೌಲಭ್ಯವಿಲ್ಲದ ಆರ್‌ವಿವಾಸಿ ಗಾಡಿ ಚಾಲೂ ಮಾಡುವ ಮುನ್ನ ಕಂಬ ಇಳಿಸಿ, ರವಾನೆಯನ್ನೂ ನಿಲ್ಲಿಸಿ ಹೊರಡಬೇಕು. ಮುಂದಿನ ಊರಿನಲ್ಲಿ ವಿಳಾಸ ತಿದ್ದಿದ ಮೇಲೆಯೇ ಅದನ್ನು ಮತ್ತೆ ಶುರುಮಾಡಬೇಕು.