ಹೊಲ ಕಾಣದ ‘ಕೃಷಕ’

ವೇಗವೇ ವಿಮಾನದ ಹೆಗ್ಗಳಿಕೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ನಿಧಾನವೇ ಗುಣವಾಗಿ ಪರಿಣಮಿಸುವ ಕೆಲಸಗಳೂ ಉಂಟು. ಬೆಂಗಳೂರಿನಲ್ಲಿ ನಿರ್ಮಾಣವಾದ ‘ಕೃಷಕ’ ಅಂಥ ಕೆಲಸಕ್ಕೆ ಒದಗಿದ ವಿಮಾನ.

ಇದರ ಹಿರಿಯಣ್ಣ ‘ಪುಷ್ಪಕ’. 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಆ ಎರಡು ಆಸನಗಳ ವಿಮಾನಕ್ಕೆ 90 ಅಶ್ವಶಕ್ತಿಯ ಎಂಜಿನ್ ಇತ್ತು. ಹಾರಾಟ ಕಲಿಯುವವರಿಗೆ ಅಷ್ಟು ಸಾಕು. ಅದನ್ನೇ ಹಿಗ್ಗಿಸಿ ಹಿಂದುಸ್ಥಾನ್ ವಿಮಾನ ಕಾರ್ಖಾನೆಯವರು ಕೃಷಕವನ್ನು ರಚಿಸಿದರು. ಅದರ ಮೊದಲ ಮಾದರಿ 1959ರ ನವೆಂಬರಿನಲ್ಲಿ ಹಾರಿತು. ಆದರೆ ಮಾದರಿ ಹಾರುವುದು ಬೇರೆ, ಕಾರ್ಖಾನೆಯಿಂದ ಸಾಲುಸಾಲಾಗಿ ವಿಮಾನಗಳು ಹೊರಬರುವುದು ಬೇರೆ. ತಯಾರಿಕೆಯ ಯೋಜನೆ ಮೂಲೆಗೆ ಬಿದ್ದಿತು. ಅದಕ್ಕೆ ಮರುಜೀವ ಕೊಟ್ಟದ್ದು ಭೂಸೇನೆಯ ಬೇಡಿಕೆ.

ಸೇನೆಗೆ ಇದೇಕೆ ಬೇಕಾಯಿತು? ಗುಡ್ಡದಾಚೆಗೆ ಹಾರಿಸಿದ ಫಿರಂಗಿಯ ಗುಂಡು ಎಲ್ಲಿ ಬಿದ್ದಿತೆಂಬುದು ಫಿರಂಗಿಯ ಬಳಿ ನಿಂತವನಿಗೆ ಕಾಣದು. ‘ಇನ್ನೂ ದೂರ’, ‘ಕೊಂಚ ಎಡಕ್ಕೆ’ ಎಂದು ಮೇಲಿನಿಂದ ನೋಡಿ ರೇಡಿಯೋದಲ್ಲಿ ತಿಳಿಸುವವರು ಬೇಕು. ಗಂಟೆಗೆ 600 ಕಿಲೋಮೀಟರ್ ವೇಗದ ವಿಮಾನವು ಒಂದೇ ನಿಮಿಷದಲ್ಲಿ 10 ಕಿಲೋಮೀಟರ್ ದಾಟುತ್ತದೆ. ಗುಂಡು ಬೀಳುವ ಹೊತ್ತಿಗೆ ನೋಡಬೇಕಾದವನೇ ಅಲ್ಲಿರುವುದಿಲ್ಲ! ನಿಧಾನದ ವಿಮಾನವಾದರೋ ಒಂದೇ ಎಡೆಯ ಮೇಲೆ ಸುತ್ತುತ್ತಿರಬಲ್ಲದು.

ಕೃಷಕದ ರೆಕ್ಕೆ ಚಾಲಕನ ತಲೆಯ ಮೇಲಿದ್ದುದರಿಂದ ಕೆಳಗಿನ ನೆಲ ಮರೆಯಾಗುತ್ತಿರಲಿಲ್ಲ. ಚಾಲಕ, ಸಹಚಾಲಕರ ಹಿಂದೆ, ತಿರುಗುವ ಮೂರನೆಯ ಆಸನವೊಂದನ್ನು ಜೋಡಿಸಬಹುದಾಗಿತ್ತು. ಬಾಲದ ಪುಟ್ಟ ಚಕ್ರದ ಮೇಲೆ ಕುಳಿತು ಮೂಗನ್ನೆತ್ತಿ ನಿಲ್ಲುವ ಭಂಗಿಯಿಂದ ಪ್ರೊಪೆಲರ್ ನೆಲದಿಂದ ಎತ್ತರದಲ್ಲಿರುತ್ತಿತ್ತು. ಕಲ್ಲುಮಣ್ಣಿನ ಬಯಲಿನಲ್ಲಿ ಇಳಿಯುವವರಿಗೆ ಇದು ಸಣ್ಣ ಅನುಕೂಲವಲ್ಲ. ಎಂಜಿನ್ನಿನ ಶಕ್ತಿಯೂ 225 ಅಶ್ವಶಕ್ತಿಗೆ, ಅಂದರೆ ಪುಷ್ಪಕದ ಎರಡೂವರೆ ಪಟ್ಟಿಗೆ ಏರಿತ್ತು. ಇಷ್ಟಾದರೂ, ಶತ್ರುವನ್ನು ನಿಧಾನವಾಗಿ ನೋಡುವವನು ಶತ್ರುವಿನ ಕಣ್ಣಿಗೂ ನಿಧಾನವಾಗಿಯೇ ಹಾದುಹೋಗುತ್ತಾನೆ ಎಂಬುದನ್ನು ನಾವು ಮರೆಯಲಾಗದು.

1969ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಸಿದ್ಧವಾಗಿದ್ದವು 68 ವಿಮಾನಗಳು. ಎಪ್ಪತ್ತರ ದಶಕದ ನಡುವಿನಲ್ಲಿ ಅವುಗಳ ಸ್ಥಾನಕ್ಕೆ ‘ಚೀತಾ’ ಹೆಲಿಕಾಪ್ಟರು ಬಂದಿತು. ನಿಧಾನವೇ ಗುಣವಾದಲ್ಲಿ, ಗಾಳಿಯಲ್ಲಿ ನಿಂತೇಬಿಡಬಲ್ಲ ಯಂತ್ರದೊಡನೆ ರೆಕ್ಕೆಯ ವಿಮಾನವು ಸ್ಪರ್ಧಿಸುವುದೆಂತು? ಇಳಿಯಲು ಅದಕ್ಕೆ ಓಟದ ಹಾದಿಯೂ ಬೇಡ.

ಇನ್ನು ಹೆಸರಿನ ಮಾತು. ಕೃಷಕನೆಂದರೆ ರೈತ. ಆ ಹೆಸರು ಹೊತ್ತ ವಿಮಾನ ಫಿರಂಗಿಯ ಕಣ್ಣಾಗಿ ದುಡಿಯಿತು. ಬೆಳೆಗಳಿಗೆ ಔಷಧ ಸಿಂಪಡಿಸುವ ಕೆಲಸಕ್ಕೆಂದು ಅದೇ ಸಂಸ್ಥೆಯವರು ‘ಬಸಂತ್’ ಎಂಬ ಬೇರೊಂದು ವಿಮಾನವನ್ನು ರಚಿಸಿದರು. ಅದು ಮೊದಲು ಹಾರಿದ್ದು 1972ರಲ್ಲಿ.