ಕೊಳವೆಗೆ ಸುತ್ತಿದ ತಂತಿ ನೀರಿನ ಗಡಸನ್ನು ಕಳೆಯಬಲ್ಲುದೆ?

ಕೊಳವೆ ಬಾವಿಯ ನೀರನ್ನೇ ನೆಚ್ಚಿಕೊಂಡಿರುವ ಮನೆಗಳಲ್ಲಿ ಕೆಲವು ತೊಂದರೆಗಳು ಸರ್ವಸಾಮಾನ್ಯ. ಹಂಡೆಯ ಒಳಮೈಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಬೇಳೆ ಎಷ್ಟು ಹೊತ್ತು ಕುದಿದರೂ ಮೆತ್ತಗಾಗದು. ಸಾಬೂನು ನೊರೆಯಾಗುವುದಕ್ಕೆ ಬದಲಾಗಿ ಗಸಿಯಾಗಿ ಬಟ್ಟೆಗೆ ಅಂಟುತ್ತದೆ. ಗೀಸರಿನ ಕಾಯುವ ಸರಳು ಅಕಾಲದಲ್ಲಿ ಸುಟ್ಟುಹೋಗುವುದೂ ಉಂಟು. ಇಂತಹ ಮನೆಗಳಿಗೆಂದೇ ಪುಟ್ಟ ಪೆಟ್ಟಿಗೆಯೊಂದು ಮಾರಾಟಕ್ಕಿದೆ. ಅದರ ತಂತಿಯನ್ನು ನೀರಿನ ಕೊಳವೆಗೆ ಸುರುಳಿಯಾಗಿ ಸುತ್ತಿ ವಿದ್ಯುತ್ತಿಗೆ ಜೋಡಿಸಿದರೆ ಸಾಕಂತೆ. ಉಪ್ಪು ಬೇಡ, ರಾಸಾಯನಿಕ ಬೇಡ, ಕೊಳವೆಯನ್ನು ಕತ್ತರಿಸಬೇಕಾಗಿಯೂ ಇಲ್ಲ. ಬೆಲೆ ಮಾತ್ರ ಸಾವಿರಗಳ ಲೆಕ್ಕದಲ್ಲಿದೆ. ಹಣ ತೆರುವ ಮುನ್ನ ವಿಜ್ಞಾನವು ಏನೆನ್ನುತ್ತದೆಂಬುದನ್ನು ವಿಚಾರಿಸೋಣ.

ಮಳೆಯ ನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲವಾಗುತ್ತದೆ. ಅದು ನೆಲದೊಳಕ್ಕೆ ಇಳಿಯುವಾಗ ಸುಣ್ಣದ ಅಂಶವುಳ್ಳ ಕಲ್ಲುಮಣ್ಣನ್ನು ಕರಗಿಸಿಕೊಂಡು ಕ್ಯಾಲ್ಸಿಯಂ ಬೈಕಾರ್ಬೊನೇಟನ್ನು ಹೊತ್ತು ತರುತ್ತದೆ. ಕಾಯಿಸಿದಾಗ ಇದೇ ಕ್ರಿಯೆ ಹಿಮ್ಮುಖವಾಗಿ ನಡೆಯುತ್ತದೆ. ಅನಿಲ ಹಾರಿಹೋಗುತ್ತದೆ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟು ಉಳಿಯುತ್ತದೆ. ನಮ್ಮ ಹಂಡೆಯ ಹಕ್ಕಳೆಯು ಬಹುಮಟ್ಟಿಗೆ ಇದೇ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಸಹ್ಯ. 300 ಮಿಲಿಗ್ರಾಂ ಗಡಸಿನ ನೀರನ್ನು ದಿನಕ್ಕೆ 100 ಲೀಟರಿನಂತೆ ಕಾಯಿಸಿದರೆ 30 ಗ್ರಾಂ ಸುಣ್ಣದ ಪದಾರ್ಥ ಗೀಸರನ್ನು ಹಾದುಹೋಗುತ್ತದೆ. ಅದರ ಇಪ್ಪತ್ತನೆಯ ಒಂದು ಭಾಗ ಅಲ್ಲಿಯೇ ನಿಂತಿತೆಂದರೂ ವರ್ಷಕ್ಕೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚಾಯಿತು! ಈ ಪದರವು ಶಾಖವನ್ನು ಸುಲಭವಾಗಿ ಹಾಯಗೊಡದು. ಸರಳು ಸುಡುವುದರಲ್ಲಿ ಆಶ್ಚರ್ಯವಿಲ್ಲ.

ನೀರನ್ನು ಮೆದುಗೊಳಿಸುವ ನೈಜ ವಿಧಾನವೆಂದರೆ ಅಯಾನು ವಿನಿಮಯ. ರಾಳದ ಮಣಿಗಳು ಕ್ಯಾಲ್ಸಿಯಮನ್ನು ಹಿಡಿದುಕೊಂಡು ಅದಕ್ಕೆ ಪ್ರತಿಯಾಗಿ ಸೋಡಿಯಮನ್ನು ಬಿಟ್ಟುಕೊಡುತ್ತವೆ. ಮಣಿಗಳು ದಣಿದಾಗ ಉಪ್ಪುನೀರು ಹಾಯಿಸಿ ಅವನ್ನು ಮತ್ತೆ ಸಿದ್ಧಗೊಳಿಸಬೇಕು. ತಂತಿಯ ಪೆಟ್ಟಿಗೆಯಾದರೋ ನೀರಿನಿಂದ ಏನನ್ನೂ ತೆಗೆಯುವುದಿಲ್ಲ. ಅದರ ಮುಂದಿನ ನೀರಿನಲ್ಲಿಯೂ ಹಿಂದಿನ ನೀರಿನಲ್ಲಿಯೂ ಕ್ಯಾಲ್ಸಿಯಂ ಒಂದೇ ಪ್ರಮಾಣದಲ್ಲಿರುತ್ತದೆ. ಆದುದರಿಂದ ಸಾಬೂನಿನ ನೊರೆ ಹೆಚ್ಚಿತು, ಕೂದಲು ನುಣುಪಾಯಿತು ಎಂಬ ಮಾತುಗಳನ್ನು ನಾವು ನಂಬಲಾರೆವು. ಅದನ್ನು ‘ಮೆದುಕಾರಿ’ ಎನ್ನುವುದೇ ತಪ್ಪು.

ಹಾಗಾದರೆ ಹಕ್ಕಳೆಯಾದರೂ ಕಡಿಮೆಯಾದೀತೆ? ಇಲ್ಲಿ ಪ್ರಶ್ನೆ ಜಟಿಲವಾಗುತ್ತದೆ. ವಿದ್ಯುತ್ಕಾಂತ ಕ್ಷೇತ್ರದ ಪ್ರಭಾವದಿಂದ ಹರಳುಗಳು ಪಾತ್ರೆಯ ಗೋಡೆಯ ಮೇಲಲ್ಲದೆ ನೀರಿನ ನಡುವೆಯೇ ಹುಟ್ಟಿ, ಪುಡಿಯಾಗಿ ಕೊಚ್ಚಿಹೋಗುತ್ತವೆಂಬುದು ತಯಾರಕರ ವಾದ. ಇದು ಅಸಂಬದ್ಧವಲ್ಲ. ಕ್ಯಾಲ್ಸಿಯಂ ಕಾರ್ಬೊನೇಟು ಕ್ಯಾಲ್ಸೈಟ್, ಅರಗೊನೈಟ್ ಎಂಬ ಬೇರೆ ಬೇರೆ ಹರಳಿನ ರೂಪಗಳನ್ನು ತಳೆಯುತ್ತದೆ. ಆಯಸ್ಕಾಂತದ ಮೂಲಕ ಹಾಯ್ದ ನೀರಿನಲ್ಲಿ ಅರಗೊನೈಟಿನ ಪಾಲು ಹೆಚ್ಚಿತೆಂದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೈಕೆಲ್ ಕೋಯಿ ಮತ್ತು ಅವರ ಸಹೋದ್ಯೋಗಿ 2000ದಲ್ಲಿ ವರದಿ ಮಾಡಿದರು. ಆದರೆ ಪ್ರಯೋಗಶಾಲೆಯಲ್ಲಿ ಹರಳಿನ ರೂಪ ಬದಲಾಗುವುದು ಬೇರೆ; ಮನೆಯ ಗೀಸರು ಶುಭ್ರವಾಗಿ ಉಳಿಯುವುದು ಬೇರೆ.

ಅಮೆರಿಕದ ಇಂಧನ ಇಲಾಖೆಯು 1998ರಲ್ಲಿ ಇಂತಹ ಸಾಧನಗಳ ಬಗೆಗೆ ಭರವಸೆಯ ಮಾತುಗಳನ್ನಾಡಿತು. ಅದೇ ದೇಶದ ಸೇನೆಯ ಎಂಜಿನಿಯರರು ಇಲಿನಾಯ್ ಸಂಸ್ಥಾನದ ರಾಕ್ ಐಲೆಂಡ್ ಶಸ್ತ್ರಾಗಾರದಲ್ಲಿ ಎರಡು ಕಾಂತೀಯ ಸಾಧನಗಳನ್ನೂ ಒಂದು ಎಲೆಕ್ಟ್ರಾನಿಕ್ ಸಾಧನವನ್ನೂ ಪರೀಕ್ಷಿಸಿದರು. ಪಕ್ಕದಲ್ಲಿಯೇ ಯಾವ ಸಾಧನವೂ ಇಲ್ಲದ ಕೊಳವೆಯನ್ನು ಹೋಲಿಕೆಗೆಂದು ಇರಿಸಲಾಗಿತ್ತು. 2001ರ ಅವರ ವರದಿಯ ಪ್ರಕಾರ ಮೂರರಲ್ಲಿ ಯಾವುದರಿಂದಲೂ ಸ್ಪಷ್ಟವಾದ ಪ್ರಯೋಜನ ಕಾಣಲಿಲ್ಲ. ಹೋಲಿಕೆಯ ಕೊಳವೆಯಿದ್ದ ಕಾರಣ ಈ ಪರೀಕ್ಷೆಗೆ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಬೇರೆಡೆ ತುಸು ಅನುಕೂಲವಾದ ಫಲಿತಾಂಶಗಳೂ ಬಂದಿವೆಯೆಂಬುದನ್ನು ಮರೆಮಾಚಬಾರದು. ನೀರಿನ ಗುಣ, ವೇಗ, ಉಷ್ಣತೆಗಳು ಒಂದೆಡೆ ಇದ್ದಂತೆ ಇನ್ನೊಂದೆಡೆ ಇರುವುದಿಲ್ಲ. ಆದರೆ ‘ನಮ್ಮ ಮನೆಯಲ್ಲಿ ಗುಣ ಕಂಡಿತು’ ಎಂಬ ನೆರೆಯವರ ಸಾಕ್ಷ್ಯ ಸಾಲದು. ಪೆಟ್ಟಿಗೆ ತಂದ ದಿನವೇ ಅವರು ಗೀಸರನ್ನು ತೊಳೆಸಿರಬಹುದು, ಇಲ್ಲವೆ ಮಳೆಗಾಲದಲ್ಲಿ ಬಾವಿಯ ನೀರೇ ಬದಲಾಗಿರಬಹುದು.

ಪೆಟ್ಟಿಗೆ ಈಗಾಗಲೇ ಮನೆಯಲ್ಲಿದ್ದರೆ ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಒಂದೇ ಬಗೆಯ ಎರಡು ಹೊಸ ಉಕ್ಕಿನ ಪಾತ್ರೆಗಳನ್ನು ಕಾಲೇಜಿನ ತಕ್ಕಡಿಯಲ್ಲಿ ತೂಗಿಡಿ. ಪೆಟ್ಟಿಗೆ ನಡೆಯುತ್ತಿರುವಾಗ ಹಿಡಿದ ನೀರನ್ನು ಒಂದರಲ್ಲಿಯೂ, ಅದನ್ನು ಒಂದು ದಿನ ನಿಲ್ಲಿಸಿ ಹಿಡಿದ ನೀರನ್ನು ಇನ್ನೊಂದರಲ್ಲಿಯೂ ಲೀಟರಿನಂತೆ ಇಪ್ಪತ್ತು ಬಾರಿ, ಸಮಾನ ಹೊತ್ತು ಕುದಿಸಿರಿ. ಪ್ರತಿ ಸಲವೂ ನೀರನ್ನು ಚೆಲ್ಲಿ ಪಾತ್ರೆಯನ್ನು ತುಸು ಗಲಬರಿಸಬೇಕು. ಪುಡಿ ಹೋಗಿ, ಅಂಟಿದ್ದು ಮಾತ್ರ ಉಳಿಯುತ್ತದೆ. ಕೊನೆಗೆ ಒಣಗಿಸಿ ಪುನಃ ತೂಗಿರಿ. ಯಾವ ಪಾತ್ರೆ ಯಾವುದೆಂಬುದು ತೂಗುವವನಿಗೆ ತಿಳಿದಿರಬಾರದು. ಪರೀಕ್ಷೆ ಮುಗಿದ ಬಳಿಕ ಎರಡಕ್ಕೂ ನಿಂಬೆಹುಳಿಯನ್ನು ಹಿಂಡಿದರೆ ಹಕ್ಕಳೆಯು ಗುಳ್ಳೆಗಳನ್ನೆಬ್ಬಿಸುತ್ತ ಕರಗತೊಡಗುತ್ತದೆ. ಆ ಗುಳ್ಳೆಗಳು ಇಂಗಾಲದ ಡೈಆಕ್ಸೈಡಿನವು.